ಬಾಂಧವ್ಯಕ್ಕೆ ಪುರಾವೆ

ಫೆಬ್ರವರಿ ೩, ಮಂಗಳವಾರ

ಇದನ್ನು ಬರೆಯದೆ ಬಿಟ್ಟುಬಿಡುವುದರಲ್ಲಿದ್ದೆ. ಇವತ್ತು ವಕೀಲೆ ತಮ್ಮ ಕಚೇರಿಯಲ್ಲಿ, "ಡೈವೋರ್ಸ್ ಆದ ಗಂಡನಿಗೆ ನಿಮ್ಮ ಕಿಡ್ನಿ ಯಾಕೆ ಕೊಡ್ತಿದೀರ?" ಎಂದು ಕೇಳಿದಾಗ ನಾನು, "ರಕ್ತದ ಗುಂಪು ಹೊಂದುತ್ತೆ" ಎಂದೆ.

ಅವರು ನಗಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, "ನನ್ನದೂ ಹೊಂದಬಹುದು. ನಾನು ಕೊಡ್ತೀನಾ?" ಎಂದರು.

ಪಕ್ಕದಲ್ಲಿ ಕೂತಿದ್ದ ನಾದಿನಿ ಫ್ಯಾನು ನೋಡತೊಡಗಿದಳು. ಡೈವೋರ್ಸ್ ಆಗಿ ಎಂಟು ವರ್ಷವಾದರೂ ನನ್ನನ್ನು ಅತ್ತಿಗೆ ಎಂದೇ ಕರೆಯುವವಳು ಅವಳು. ಅವಳೇ ಕೊಡಬಹುದಿತ್ತು, ಸಕ್ಕರೆ ಕಾಯಿಲೆ ಇರುವುದರಿಂದ ಡಾಕ್ಟರು ಒಪ್ಪಲಿಲ್ಲ. ಅವಳಣ್ಣನಿಗೆ, ಅಂದರೆ ಮೇಷ್ಟ್ರಿಗೆ, ಬೇರೆ ಯಾರೂ ಇಲ್ಲ. ಈಜು ಕಲಿಸುವವರಾದ್ದರಿಂದ ಊರೆಲ್ಲ ಅವರನ್ನು ಮೇಷ್ಟ್ರು ಅನ್ನುತ್ತದೆ. ಮದುವೆಯಾಗಿದ್ದಾಗ ನಾನು ಬೇರೇನೋ ಅನ್ನುತ್ತಿದ್ದೆ. ಈಗ ನನಗೂ ಮೇಷ್ಟ್ರೇ.

ವಿಷಯ ಇಷ್ಟು. ಒಡಹುಟ್ಟಿದವರು, ಹೆತ್ತವರು, ಗಂಡ ಹೆಂಡತಿ ಕಿಡ್ನಿ ಕೊಡುವುದಕ್ಕೆ ಕಾನೂನು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಉಳಿದವರು 'ಪ್ರೀತಿ ಅಥವಾ ಬಾಂಧವ್ಯದ ಕಾರಣಕ್ಕೆ' ಮಾತ್ರ ಕೊಡಬಹುದು. ಆ ಪ್ರೀತಿ ಇದೆ ಎಂದು ಒಂದು ಸಮಿತಿಗೆ ಮನವರಿಕೆಯಾಗಬೇಕು, ಹಣಕ್ಕೆ ಮಾರುತ್ತಿಲ್ಲ ಎಂದು ಖಾತ್ರಿಯಾಗಬೇಕು. ನಾವು ಅರ್ಜಿ ಹಾಕಿದ್ದು ಸೆಪ್ಟೆಂಬರಿನಲ್ಲಿ. ಸಮಿತಿ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಅದಕ್ಕೆ ರಿಟ್ ಅರ್ಜಿ ಹಾಕುವುದು. ಮಾಡಬೇಕಾದ ಕೆಲಸ ಮಾಡದೆ ಕೂತ ಅಧಿಕಾರಿಗೆ 'ಮಾಡು' ಎಂದು ಹೈಕೋರ್ಟು ಕೊಡುವ ಆಜ್ಞೆ ಮ್ಯಾಂಡಮಸ್. ಕೋರ್ಟಿನಿಂದ ಬಾಗಿಲು ತೆಗೆಸಬಹುದು, ಒಳಗಿರೋರ ಮುಖ ನಮ್ಮ ಕಡೆ ತಿರುಗಿಸೋಕೆ ಮಾತ್ರ ಆಗಲ್ಲ, ಎಂದರು ವಕೀಲೆ. ಬಾಗಿಲು ತೆಗೆದರೆ ಸಾಕು ಎಂದೆ. ಬರುವಾಗ ಮೆಟ್ಟಿಲ ಮೇಲೆ ನಾದಿನಿ, "ರಕ್ತದ ಗುಂಪಂತೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಕೇಳಿಸದವಳಂತೆ ಇಳಿದೆ.

ಫೆಬ್ರವರಿ ೧೨, ಗುರುವಾರ

ಅರ್ಜಿ ವಜಾ.

ಕೋರ್ಟು ಹಾಲಿನಲ್ಲಿ ನಾನು ನೆನೆಸಿದಷ್ಟು ಶಬ್ದ ಇರಲಿಲ್ಲ. ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸವಾದ್ದರಿಂದ ಎಲ್ಲಿ ಹೋದರೂ ಮೊದಲು ಅದನ್ನೇ ಗಮನಿಸುತ್ತೇನೆ. ನ್ಯಾಯಮೂರ್ತಿಗಳದ್ದು ಮೆತ್ತನೆ ದನಿ. ಸಮಿತಿಯನ್ನು ಲಿಖಿತವಾಗಿ ಕೇಳಿದ್ದೀರಾ, ಅವರು ಆಗುವುದಿಲ್ಲ ಎಂದಿದ್ದಾರಾ ಎಂದು ವಿಚಾರಿಸಿದರು. ಅರ್ಜಿ ಕೊಟ್ಟಮೇಲೆ ಕಕ್ಷಿದಾರರು ಹತ್ತಾರು ಸಲ ಅಲೆದಿದ್ದಾರೆ ಎಂದರು ವಕೀಲೆ. ಕಿಟಕಿಯ ಹೊರಗೆ ನಿಂತು ವಿಚಾರಿಸಿದ್ದು ಬೇಡಿಕೆಯಾಗುವುದಿಲ್ಲ ಎಂದರು ನ್ಯಾಯಮೂರ್ತಿಗಳು. ಮೊದಲು ಬರೆದು ಕೇಳಬೇಕು. ಅವರು ನಿರಾಕರಿಸಬೇಕು, ಇಲ್ಲವೇ ಕೇಳಿದ ಮೇಲೂ ಸುಮ್ಮನಿರಬೇಕು. ಆಮೇಲೆ ಕೋರ್ಟು. ಕೇಳದೇ ಇದ್ದದ್ದನ್ನು ಕೊಡಲಿಲ್ಲ ಎಂದು ದೂರುವ ಹಾಗಿಲ್ಲ.

ತಪ್ಪು ನನ್ನದೇ. ಸಮಿತಿಯ ಗುಮಾಸ್ತೆ ನವೆಂಬರಿನಲ್ಲೇ ಹೇಳಿದ್ದರು: ಬರೆದುಕೊಟ್ಟರೆ ಸಾಹೇಬರಿಗೆ ಸಿಟ್ಟು ಬರುತ್ತೆ ಮೇಡಂ, ಸುಮ್ನೆ ಬಂದು ವಿಚಾರಿಸ್ಕೊಂಡು ಹೋಗಿ. ನನಗೆ ಅದು ಸರಿ ಅನ್ನಿಸಿತು. ಒತ್ತಾಯ ಮಾಡುವುದು ನನಗೆ ಯಾವತ್ತೂ ಬಂದದ್ದಲ್ಲ. ಪ್ರತಿ ವಾರ ಹೋಗಿ, ನಗುತ್ತಾ ವಿಚಾರಿಸಿ, ಥ್ಯಾಂಕ್ಸ್ ಹೇಳಿ ಬರುತ್ತಿದ್ದೆ. ಅಷ್ಟೂ ತಿಂಗಳು ಕಾನೂನಿನ ಲೆಕ್ಕದಲ್ಲಿ ನಾನು ಬಾಯೇ ತೆರೆದಿರಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ನಾದಿನಿ ಹೇಳಿದಳು: "ಅತ್ತಿಗೆ, ನಿಮ್ಮ ಈ ಮರ್ಯಾದೆ ಇದೆಯಲ್ಲ, ಅದೇ ನಮ್ಮಣ್ಣನ್ನ ಮುಗಿಸುತ್ತೆ." ಹೇಳಿದ ಮೇಲೆ ಅಳತೊಡಗಿದಳು. ನಾನು ಅವಳ ಬ್ಯಾಗು ಹಿಡಿದುಕೊಂಡು ನಿಂತೆ.

ಫೆಬ್ರವರಿ ೧೫, ಭಾನುವಾರ

ಮೇಷ್ಟ್ರಿಗೆ ವಿಷಯ ಹೇಳಲು ಈಜುಕೊಳಕ್ಕೆ ಹೋಗಿದ್ದೆ. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಅವರು ಇಲ್ಲೇ. ಎದೆಗೆ ನಳಿಕೆ ಹಾಕಿರುವುದರಿಂದ ನೀರಿಗೆ ಇಳಿಯುವಂತಿಲ್ಲ. ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು ಕಲಿಸುತ್ತಾರೆ. ಕಲಿಯಲು ಬರುವವರು ಹೆಚ್ಚಿನವರು ನೀರೆಂದರೆ ಹೆದರುವ ನಡುವಯಸ್ಸಿನವರು. ಇವತ್ತು ಒಬ್ಬ ಬ್ಯಾಂಕ್ ಮ್ಯಾನೇಜರು ಕಂಬಿ ಹಿಡಿದುಕೊಂಡು ನಿಂತುಬಿಟ್ಟಿದ್ದರು. "ಸಾರ್, ಅದು ಕಂಬಿ, ನಿಮ್ಮ ಕೆಲಸ ಅಲ್ಲ. ಬಿಟ್ರೂ ಪಿಂಚಣಿ ಬರುತ್ತೆ" ಎಂದರು ಮೇಷ್ಟ್ರು. ಮ್ಯಾನೇಜರು ನಕ್ಕು ಕೈಬಿಟ್ಟರು. ತೇಲಿದರು.

ವಜಾ ಆಯಿತು ಎಂದೆ. ಮತ್ತೆ ಹಾಕಬಹುದು, ಮೊದಲು ಬರೆದು ಕೇಳಬೇಕಂತೆ ಎಂದೆ.

"ಬರೆದು ಕೇಳೋದು ನಿನ್ನ ಕೈಲಾಗುತ್ತಾ?"

"ಪ್ರಯತ್ನ ಮಾಡ್ತೀನಿ. ನೀವು ನೀರು ಹೆಚ್ಚು ಕುಡೀತಿಲ್ಲ ತಾನೆ?"

ಅವರು ಕೊಳದ ಕಡೆ ಕೈ ತೋರಿಸಿದರು. ಇಷ್ಟು ನೀರು ಮುಂದಿಟ್ಟುಕೊಂಡು ದಿನಕ್ಕೆ ಒಂದು ಬಾಟಲಿ ಮಾತ್ರ ಎಂಬ ತಮಾಷೆಯನ್ನು ಎಲ್ಲರಿಗೂ ಹೇಳಿ ಮುಗಿಸಿದ್ದಾರೆ. ಬಾಯಾರಿದಾಗ ಐಸಿನ ತುಂಡು ಬಾಯಲ್ಲಿಟ್ಟುಕೊಳ್ಳುತ್ತಾರೆ. ಕೆನ್ನೆ ಒಂದು ಪಕ್ಕ ಉಬ್ಬಿಕೊಂಡು, ಏನೋ ಕದ್ದು ತಿನ್ನುವವರ ಹಾಗೆ ಕಾಣುತ್ತಾರೆ. ಪಾದ ಊದಿವೆ. ಚಪ್ಪಲಿಯ ಪಟ್ಟಿ ಒತ್ತಿದ ಜಾಗ ಹಾಗೇ ಗುಳಿಬಿದ್ದಿತ್ತು. ನೋಡಿದ್ದು ಅವರಿಗೆ ಗೊತ್ತಾಗಬಾರದೆಂದು ಗಡಿಯಾರ ನೋಡಿದೆ.

ಮನೆಗೆ ಬಂದು ಬೇಡಿಕೆಯ ಪತ್ರ ಬರೆದೆ. 'ದಯವಿಟ್ಟು' ಎಂಬುದನ್ನು ನಾಲ್ಕು ಕಡೆಯಿಂದ ತೆಗೆದುಹಾಕಿದೆ.

ಮಾರ್ಚ್ ೧೮, ಬುಧವಾರ

ಸಿಕ್ಕಿತು. ಎರಡು ವಾರದೊಳಗೆ ನಮ್ಮನ್ನು ಕರೆಸಿ, ವಿಚಾರಿಸಿ, ತೀರ್ಮಾನ ಕೊಡಬೇಕೆಂದು ಸಮಿತಿಗೆ ಆಜ್ಞೆಯಾಗಿದೆ.

ನನ್ನ ಪತ್ರಕ್ಕೆ ಸಮಿತಿ ಉತ್ತರಿಸಿರಲಿಲ್ಲ. ಈ ಸಲ ಅದೇ ಅನುಕೂಲವಾಯಿತು. ಸರ್ಕಾರಿ ವಕೀಲರು ಎದ್ದು, ಸಮಿತಿಯ ವಿವೇಚನೆಗೆ ಬಿಟ್ಟ ವಿಷಯದಲ್ಲಿ ನ್ಯಾಯಾಲಯ ಆಜ್ಞೆ ಮಾಡಲಾಗದು ಎಂದರು. ಅದಕ್ಕೆ ನ್ಯಾಯಮೂರ್ತಿಗಳು ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ: "ಏನು ತೀರ್ಮಾನಿಸಬೇಕು ಎಂಬುದು ನಿಮ್ಮ ವಿವೇಚನೆ. ತೀರ್ಮಾನಿಸುವುದು ವಿವೇಚನೆಯಲ್ಲ, ಕರ್ತವ್ಯ."

ಎಷ್ಟು ಚೊಕ್ಕ ಮಾತು. ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಂದೆ. ಒಂದು ಆಜ್ಞೆಯಿಂದ ಇಷ್ಟು ಹಗುರಾಗಬಹುದು ಎಂದು ತಿಳಿದಿರಲಿಲ್ಲ. ಕ್ಲಿನಿಕ್ಕಿನಲ್ಲಿ ಇವತ್ತು ಹೆಂಡತಿಯ ಮಾತು ಕೇಳಿಸುವುದಿಲ್ಲ ಎಂದು ಒಬ್ಬರನ್ನು ಅವರ ಹೆಂಡತಿಯೇ ಕರೆತಂದಿದ್ದರು. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ನೋಡಿದರೆ ಕಿವಿ ಪಕ್ಕಾ ಇದೆ. "ಸರಿಯಾಗಿದೆ ಅಂತ ಬರೀಬೇಡಿ ಮೇಡಂ, ಮನೇಲಿ ಉಳಿಗಾಲ ಇರಲ್ಲ" ಎಂದು ಪಿಸುಗುಟ್ಟಿದರು. ಬಹಳ ದಿನದ ಮೇಲೆ ಜೋರಾಗಿ ನಕ್ಕೆ. ಸಂಜೆ ಆಸ್ಪತ್ರೆಗೆ ಹೋಗಿ, ಡಯಾಲಿಸಿಸ್ ಯಂತ್ರದ ಪಕ್ಕ ನಿಂತು ಮೇಷ್ಟ್ರಿಗೆ ಅದನ್ನು ಹಾಗೇ ಅಭಿನಯಿಸಿ ತೋರಿಸಿದೆ. ಅವರು ನಕ್ಕಿದ್ದಕ್ಕೆ ಯಂತ್ರ ಕಿರುಚಿಕೊಂಡಿತು. ನರ್ಸು ಬಂದು ಇಬ್ಬರಿಗೂ ಬೈದಳು.

ವಕೀಲೆ ಮಾತ್ರ, ಬಾಗಿಲು ತೆಗೆದಿದೆ ಅಷ್ಟೇ ಎಂದು ನೆನಪಿಸಿದರು.

ಏಪ್ರಿಲ್ ೨, ಗುರುವಾರ

ಉದ್ದ ಮೇಜು. ಅದರ ಆಚೆ ಐವರು. ನಡುವೆ ಅಧ್ಯಕ್ಷರು, ಬಿಳಿ ಗಡ್ಡದ ಶಸ್ತ್ರವೈದ್ಯರು. ಬಲಗಡೆ ಒಬ್ಬ ನಿವೃತ್ತ ಅಧಿಕಾರಿಣಿ, ಅವರ ಮುಂದೆ ನಮ್ಮ ಫೈಲು.

ಮೊದಲು ಮೇಷ್ಟ್ರೊಬ್ಬರನ್ನೇ ಕರೆದರು, ಆಮೇಲೆ ನನ್ನನ್ನು. ಅವರು ಹೊರಬರುವಾಗ ಕಣ್ಣು ಮಿಟುಕಿಸಿದರು, ಹೆದರಬೇಡ ಎಂದು.

ಬ್ಯಾಂಕು, ಸಂಬಳ, ಮನೆ, ಎಲ್ಲ ಕೇಳಿದರು. ಹಣದ ಮಾತು ಬೇಗ ಮುಗಿಯಿತು. ಆಮೇಲೆ ಅಧಿಕಾರಿಣಿ ಫೈಲಿನಿಂದ ನಮ್ಮ ಡೈವೋರ್ಸ್ ಅರ್ಜಿಯ ಪ್ರತಿ ತೆಗೆದು, ಕನ್ನಡಕ ಸರಿಮಾಡಿಕೊಂಡು ಓದಿದರು: 'ಉಭಯರ ನಡುವೆ ಈಗ ಪ್ರೀತಿಯಾಗಲಿ ಬಾಂಧವ್ಯವಾಗಲಿ ಉಳಿದಿರುವುದಿಲ್ಲ, ಮರಳಿ ಹುಟ್ಟುವ ಸಂಭವವೂ ಇರುವುದಿಲ್ಲ.' ಕೆಳಗೆ ನಮ್ಮಿಬ್ಬರ ಸಹಿ. ಪ್ರಮಾಣ ಮಾಡಿ ಹಾಕಿದ್ದು.

ಆ ವಾಕ್ಯ ನಮ್ಮದಲ್ಲ. ಅವತ್ತಿನ ವಕೀಲರು ಎಲ್ಲರ ಅರ್ಜಿಗೂ ಹಾಕುತ್ತಿದ್ದ ವಾಕ್ಯ. ಇದಿಲ್ಲದಿದ್ದರೆ ಮತ್ತೆ ಯೋಚನೆ ಮಾಡಿ ಎಂದು ಜಡ್ಜು ವಾಪಸು ಕಳಿಸುತ್ತಾರೆ, ಸುಮ್ಮನೆ ತಡ ಎಂದಿದ್ದರು. ನಮ್ಮಿಬ್ಬರಲ್ಲಿ ಜಗಳವಿರಲಿಲ್ಲ. ಮಕ್ಕಳಾಗಲಿಲ್ಲ, ಅದರ ಬಗ್ಗೆ ಮಾತಾಡದೇ ಇರುವುದನ್ನು ಕಲಿತೆವು, ಆಮೇಲೆ ಉಳಿದದ್ದರ ಬಗ್ಗೆಯೂ. ಒಂದೇ ಮನೆಯಲ್ಲಿ ಇಬ್ಬರು ಒಳ್ಳೆಯ ಬಾಡಿಗೆದಾರರ ಹಾಗಿದ್ದೆವು. ಸಹಿ ಹಾಕಿದ ದಿನ ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆವು. ಅವರು, "ಆ ಸಾಲು ಸುಳ್ಳು ಕಣೇ. ಇಬ್ರನ್ನೂ ಒಳಗೆ ಹಾಕ್ತಾರೆ" ಎಂದರು. ನಾನು ಬಿಲ್ಲು ತರಲು ಹೇಳಿದೆ.

ಅಧಿಕಾರಿಣಿ ಕೇಳಿದರು: "ಈ ಪ್ರಮಾಣ ಸುಳ್ಳೋ, ಇವತ್ತಿನ ಅರ್ಜಿ ಸುಳ್ಳೋ?"

ಎರಡೂ ಅಲ್ಲ ಎಂದೆ.

ಅಧ್ಯಕ್ಷರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಮುಂದೆ ಬಾಗಿ, ಬಿಡಿ ತಾಯಿ, ಅದೆಲ್ಲ ಕಾಗದದ ಮಾತು ಎಂದರು. ಆಮೇಲೆ ನೇರವಾಗಿ ಕೇಳಿದರು: "ಒಂದೇ ಮಾತಲ್ಲಿ ಹೇಳಿಬಿಡಿ. ನಿಮಗೆ ಅವರ ಮೇಲೆ ಪ್ರೀತಿ ಇದೆಯಾ?"

ನಾನು, "ಯಾವ ಅರ್ಥದಲ್ಲಿ?" ಎಂದೆ.

ಏಪ್ರಿಲ್ ೩, ಶುಕ್ರವಾರ

ಪ್ರಶ್ನೆ ಸ್ಪಷ್ಟವಾಗಿರಲಿಲ್ಲ. ಮೂರ್ನಾಲ್ಕು ಅರ್ಥ ಬರುವ ಪದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಪ್ರಾಮಾಣಿಕವಲ್ಲ ಅನ್ನಿಸಿತು. ನನ್ನ ಶಾಲೆಯಲ್ಲಿ ಹಾಗೆಯೇ ಕಲಿಸಿದ್ದರು: ಡಿಫೈನ್ ಯುವರ್ ಟರ್ಮ್ಸ್, ಬಳಸುವ ಪದದ ಅರ್ಥ ಮೊದಲು ಹೇಳು.

ನಾದಿನಿ ಫೋನಿನಲ್ಲಿ, ಹೂಂ ಅನ್ನೋಕೆ ಏನಾಗಿತ್ತು ಅತ್ತಿಗೆ, ಎಂದಳು. ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಏಪ್ರಿಲ್ ೧೩, ಸೋಮವಾರ

ನಿರಾಕರಣೆ ಬಂತು. 'ದಾನಿಯು ಪ್ರೀತಿ ಅಥವಾ ಬಾಂಧವ್ಯದ ಕುರಿತ ನೇರ ಪ್ರಶ್ನೆಗೆ ಉತ್ತರಿಸದೆ ನುಣುಚಿಕೊಂಡಿರುತ್ತಾರೆ. ಹಿಂದಿನ ಪ್ರಮಾಣಕ್ಕೂ ಈಗಿನ ಅರ್ಜಿಗೂ ಹೊಂದಾಣಿಕೆ ಇರುವುದಿಲ್ಲ.'

ಕೋರ್ಟು ಬಲವಂತ ಮಾಡದಿದ್ದರೆ ಇವರು ಇನ್ನೂ ಸುಮ್ಮನೆ ಇರುತ್ತಿದ್ದರು. ಬೇಡ ಎನ್ನುವವರೂ ಇರುತ್ತಿರಲಿಲ್ಲ. ಬೇಡ ಎನ್ನಿಸಿಕೊಂಡದ್ದು ನಾನೇ ತಂದ ಆಜ್ಞೆಯಿಂದ.

ಸಂಜೆ ಆಸ್ಪತ್ರೆಗೆ ಹೋಗಿ ಹೇಳಿದೆ. ಅವನು ಐಸಿನ ತುಂಡನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸರಿಸಿದ. "ಒಳ್ಳೇದೇ ಆಯ್ತು ಬಿಡು. ನಿನ್ನ ಕಿಡ್ನಿ ಒಳಗೆ ಬಂದ್ರೆ ನಾನೂ ಎಲ್ಲದಕ್ಕೂ ಯಾವ ಅರ್ಥದಲ್ಲಿ ಅನ್ನೋಕೆ ಶುರು ಮಾಡ್ತಿದ್ದೆ. ಮುಳುಗ್ತಾ ಇರೋನು ಕಾಪಾಡಿ ಅಂದ್ರೂ ಯಾವ ಅರ್ಥದಲ್ಲಿ ಸಾರ್ ಅಂತ ಕೇಳ್ತಿದ್ದೆ."

ಪಕ್ಕದ ಹಾಸಿಗೆಯವರೂ ನಕ್ಕರು. ನನಗೂ ನಗು ಬಂತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮೇ ೬, ಬುಧವಾರ

ಮತ್ತೆ ಹೈಕೋರ್ಟು. ನಿರಾಕರಣೆ ರದ್ದು ಮಾಡಿ, ಅನುಮತಿ ಕೊಡುವಂತೆ ಸಮಿತಿಗೆ ಆಜ್ಞೆ ಮಾಡಿ ಎಂದು ವಕೀಲೆ ಕೇಳಿದರು. ಅವನ ತೂಕ ಇಳಿದಿರುವುದು, ರಕ್ತದೊತ್ತಡ ನಿಲ್ಲದಿರುವುದು ಎಲ್ಲ ಹೇಳಿದರು.

ನ್ಯಾಯಮೂರ್ತಿಗಳು ಬಹಳ ಹೊತ್ತು ಓದಿದರು. ಆಮೇಲೆ ಹೇಳಿದ್ದು: ಬಾಂಧವ್ಯ ಇದೆಯೇ ಇಲ್ಲವೇ ಎಂದು ನೋಡುವ ಕೆಲಸವನ್ನು ಕಾನೂನು ಸಮಿತಿಗೆ ಕೊಟ್ಟಿದೆ, ನಮಗಲ್ಲ. ನಂಬಿ ಎಂದು ಯಾರಿಗೂ ಆಜ್ಞೆ ಮಾಡಲಾಗುವುದಿಲ್ಲ. ಆದರೆ ಒಂದು ಪ್ರತಿಪ್ರಶ್ನೆಯನ್ನೇ ಉತ್ತರ ಎಂದು ಹಿಡಿದದ್ದು ನ್ಯಾಯವಲ್ಲ. ಆದ್ದರಿಂದ ದಾನಿ ತನ್ನ ಬಾಂಧವ್ಯದ ಬಗ್ಗೆ, ಹಳೆಯ ಪ್ರಮಾಣದ ಬಗ್ಗೆ, ತನ್ನ ಮಾತಿನಲ್ಲಿ ಲಿಖಿತ ಹೇಳಿಕೆ ಕೊಡಲಿ. ಅದು ತಲುಪಿದ ಮೂರು ವಾರದೊಳಗೆ ಸಮಿತಿ ಹೊಸದಾಗಿ ತೀರ್ಮಾನಿಸಲಿ. ಅರ್ಜಿ ಬಾಕಿ ಇರಲಿ, ಜೂನ್ ೧೮ಕ್ಕೆ ವರದಿ.

ಹೊರಗೆ ಬಂದ ಮೇಲೆ ವಕೀಲೆ, "ಈಗ ಚೆಂಡು ನಿಮ್ಮ ಕೈಲಿದೆ. ಇವತ್ತು ರಾತ್ರಿ ಬರೆದು ನಾಳೆ ಕೊಡಿ" ಎಂದರು.

ಮೇ ೧೦, ಭಾನುವಾರ

ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಚೆನ್ನಾಗಿತ್ತು. ಓದಿದರೆ ಬೇರೆ ಯಾರದೋ ರೋಗದ ವಿವರದ ಹಾಗಿತ್ತು. ಮನೆಮಾತಿನಲ್ಲಿ ಶುರು ಮಾಡಿದೆ. 'ನಾನು' ಎಂದು ಬರೆದು ಅರ್ಧ ಗಂಟೆ ಕೂತೆ.

ಮೇ ೧೯, ಮಂಗಳವಾರ

ವಕೀಲೆ ನನ್ನ ಕರಡು ನೋಡಿ ತಲೆಯಾಡಿಸಿದರು. 'ಆ ವಾಕ್ಯ ಆಗಲೇ ನಿಜವಾಗಿರಲಿಲ್ಲ' ಎಂದು ಬರೆದಿದ್ದೆ. ಹಾಗೆ ಬರೆದರೆ ಕೋರ್ಟಿನ ಮುಂದೆ ಸುಳ್ಳು ಪ್ರಮಾಣ ಮಾಡಿದೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ. ಕೇಸು ಹಾಕಿದರೆ ಹಾಕಬಹುದು. ಸಮಿತಿಯವರು, ಆಗ ಸುಳ್ಳು ಹೇಳಿದವಳು ಈಗಲೂ ಹೇಳುತ್ತಾಳೆ ಎನ್ನಬಹುದು ಎಂದರು. ಅದರ ಬದಲು ಅವರೇ ಒಂದು ವಾಕ್ಯ ಬರೆದುಕೊಟ್ಟರು: 'ಅವರ ಅನಾರೋಗ್ಯದ ನಂತರ ನನ್ನಲ್ಲಿ ಪ್ರೀತಿ ಮತ್ತು ಬಾಂಧವ್ಯ ಮರಳಿ ಹುಟ್ಟಿರುತ್ತದೆ.'

ಎಲ್ಲೂ ಸಿಕ್ಕಿಹಾಕಿಕೊಳ್ಳದ ವಾಕ್ಯ. ಸಹಿ ಮಾಡಿದರೆ ಮುಗಿಯಿತು. ಪೆನ್ನು ತೆಗೆದೆ. ಮರಳಿ ಹುಟ್ಟಿದ್ದು ನಿಜವಲ್ಲ. ಹುಟ್ಟಬೇಕಾದರೆ ಹೋಗಿರಬೇಕಲ್ಲ. ಮತ್ತೊಬ್ಬ ವಕೀಲರ ಮತ್ತೊಂದು ಸಿದ್ಧ ವಾಕ್ಯಕ್ಕೆ, ಅದೂ ಇದೇ ವಿಷಯಕ್ಕೆ, ಪ್ರಮಾಣ ಮಾಡಿ ಸಹಿ ಹಾಕಬೇಕೇ? ಎರಡು ದಿನ ಸಮಯ ಕೊಡಿ ಎಂದೆ.

ಇದು ಹಟವೋ, ಅಹಂಕಾರವೋ? ಅವನ ಪ್ರಾಣದ ಮುಂದೆ ನನ್ನ ವಾಕ್ಯದ ಶುದ್ಧಿ ಎಷ್ಟರದು? ಗೊತ್ತಿದೆ. ಆದರೂ ಪೆನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮೇ ೨೪, ಭಾನುವಾರ

ಇಡೀ ದಿನ ಅವನ ಮನೆಯಲ್ಲಿದ್ದೆ. ಒಂದು ಕೋಣೆ, ಕಿಟಕಿಯ ಕೆಳಗೆ ಕೊಳದ ಕಾಂಪೌಂಡು. ಬಟ್ಟೆಗೆಲ್ಲ ಕ್ಲೋರಿನ್ ವಾಸನೆ. ನೀರಿಗಿಳಿಯದೆ ವರ್ಷವಾದರೂ ಆ ವಾಸನೆ ಹೋಗಿಲ್ಲ. ಮಂಚದ ಕಾಲು ಅಲ್ಲಾಡುತ್ತಿತ್ತು, ರಟ್ಟು ಮಡಚಿ ಇಟ್ಟೆ. ಅವನು ದಿಂಬಿಗೆ ಒರಗಿ ನೋಡುತ್ತಿದ್ದ. ಸ್ವಲ್ಪ ಚಳಿ ಅಂದ, ಹೊದಿಸಿದೆ.

ವಕೀಲೆಯ ವಾಕ್ಯ ಓದಿ ಹೇಳಿದೆ. ಅವನು, "ಹಂಗೇ ಬರಿ. ಹೊಸದಾಗಿ ಹುಟ್ಟಿದೆ ಅಂದ್ರೆ ನಂಗೂ ಖುಷಿ. ಈ ವಯಸ್ಸಲ್ಲಿ ಯಾರಿಗೆ ಸಿಗುತ್ತೆ" ಎಂದ.

"ತಮಾಷೆ ಬೇಡ. ಅವತ್ತು ಹೋಟೆಲಲ್ಲಿ ಆ ಸಾಲು ಸುಳ್ಳು ಅಂದ್ಯಲ್ಲ, ಅದೂ ತಮಾಷೆಗಾ?"

ಅವನು ಕಿಟಕಿ ಕಡೆ ನೋಡಿದ. ಕೆಳಗೆ ಯಾರೋ ನೀರಿಗೆ ಹಾರಿದರು.

"ಇಲ್ಲ. ನೀನು ಹೂಂ ಅಂತೀಯೇನೋ ಅಂತ ಕಾದೆ. ಅಂದಿದ್ರೆ ವಾಪಸು ಹೋಗಿ ಆ ಕಾಗದ ಕಿತ್ಕೊಂಡು ಬರ್ತಿದ್ದೆ. ಕಾಫಿ ತಣ್ಣಗಾಗೋ ತನಕ ಕಾದೆ."

"ಇನ್ನೊಂದು ಸಲ ಯಾಕೆ ಕೇಳಲಿಲ್ಲ?"

"ನೀನು ಬಿಲ್ಲು ಕೇಳಿದೆ."

ನಾನು ಅವನ ಪಾದ ಒತ್ತುತ್ತಾ ಕೂತೆ. ಒತ್ತಿದಲ್ಲೆಲ್ಲ ಬೆರಳ ಗುರುತು ಉಳಿಯುತ್ತಿತ್ತು, ಮೆಲ್ಲಗೆ ಮೇಲೇಳುತ್ತಿತ್ತು. ಏನಾದರೂ ಹೇಳಬೇಕಿತ್ತು. ನಾಳೆ ಬರೆದೇ ತೋರಿಸೋಣ, ಸರಿಯಾಗಿ, ಅಂದುಕೊಂಡೆ. ಹೊರಡುವಾಗ ಅವನ ಹಣೆ ಬಿಸಿಯಾಗಿತ್ತು. ನಾದಿನಿಗೆ ಫೋನು ಮಾಡಿ ಹೇಳಿದ್ದೇನೆ.

ಮೇ ೨೮, ಗುರುವಾರ

ನಳಿಕೆಯಿಂದ ಸೋಂಕು, ರಕ್ತಕ್ಕೆ ಹತ್ತಿದೆ. ತೀವ್ರ ನಿಗಾ ಘಟಕದಲ್ಲಿದ್ದಾನೆ. ಒಳಗೆ ಒಬ್ಬರನ್ನೇ ಬಿಡುತ್ತಾರೆ, ಅದೂ ಸಂಬಂಧಿಕರನ್ನು. ನಾದಿನಿ ತನ್ನ ಸರದಿಯನ್ನು ನನಗೆ ಕೊಟ್ಟು ಹೊರಗೆ ಕೂತಳು. ಕಣ್ಣು ಮುಚ್ಚಿದ್ದ. ಉಸಿರಾಟದ ಯಂತ್ರದ ಸದ್ದು ಜಾಸ್ತಿ. ಕಿವಿಯ ಹತ್ತಿರ ಬಾಗಿ ಹೇಳಿದೆ. ಕೇಳಿಸಿತೋ ಇಲ್ಲವೋ. ಎಲ್ಲರ ಕಿವಿ ಪರೀಕ್ಷೆ ಮಾಡುತ್ತೇನೆ. ಇದೊಂದು ಗೊತ್ತಾಗಲಿಲ್ಲ.

ಬಂದು ಕೂತು ಹೇಳಿಕೆ ಬರೆದು ಮುಗಿಸಿದೆ. ಹತ್ತು ನಿಮಿಷ ಸಾಕಾಯಿತು.

ಮೇ ೩೧, ಭಾನುವಾರ

ಹೋದ. ಬೆಳಗಿನ ಜಾವ.

ಜೂನ್ ೪, ಗುರುವಾರ

ಆಸ್ಪತ್ರೆಯಲ್ಲಿ ದೇಹ ಬಿಟ್ಟುಕೊಡುವಾಗ ಕೌಂಟರಿನವನು ನನ್ನ ಕಡೆ ನೋಡಿ, ನೀವು ಯಾರಾಗಬೇಕು ಎಂದ. ನಾನು ಬಾಯಿ ತೆರೆದೆ. ಸಹಿ ಹಾಕುತ್ತಿದ್ದ ನಾದಿನಿ ತಲೆ ಎತ್ತದೆ, "ನಮ್ಮತ್ತಿಗೆ" ಎಂದಳು. ಅವನು ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಹೇಳಿಕೆಯನ್ನು ಮೊದಲೇ ಕೊಟ್ಟಿದ್ದರೆ? ವಕೀಲೆಯನ್ನು ಕೇಳಿದೆ. ಮೇ ಏಳಕ್ಕೇ ಕೊಟ್ಟಿದ್ದರೂ ಸಮಿತಿ ಕೊನೆಯ ದಿನದ ತನಕ ಕಾಯುತ್ತಿತ್ತು, ಆಮೇಲೆ ಆಪರೇಷನ್ನಿಗೆ ತಯಾರಿ, ಇಷ್ಟರಲ್ಲಿ ಆಗುತ್ತಿರಲಿಲ್ಲ ಎಂದರು. ಬಹಳ ಖಚಿತವಾಗಿ ಹೇಳಿದರು. ಕಕ್ಷಿದಾರರಿಗೆ ಹಾಗೆ ಹೇಳಿ ಅವರಿಗೆ ಅಭ್ಯಾಸವಿರಬೇಕು. ನಾದಿನಿ ಮಾತ್ರ ಇದುವರೆಗೆ ಒಂದು ಮಾತು ಕೇಳಿಲ್ಲ. ಈಜು ಕಲಿಸುವಾಗ ಅವನು ಊದುತ್ತಿದ್ದ ಸೀಟಿಯನ್ನು, ನೀವೇ ಇಟ್ಕೊಳ್ಳಿ ಎಂದು ಕೊಟ್ಟು ಹೋದಳು.

ಜೂನ್ ೧೮, ಗುರುವಾರ

ನಮ್ಮ ಕೇಸು ಕೂಗಿದರು. ಬರಬೇಕಾಗಿಲ್ಲ ಎಂದು ವಕೀಲೆ ಹೇಳಿದ್ದರೂ ಹೋಗಿದ್ದೆ. ಅವರು ಎದ್ದು, ರೋಗಿ ತೀರಿಕೊಂಡಿದ್ದಾರೆ ಎಂದು ಮೆಮೋ ಕೊಟ್ಟರು. ಸರ್ಕಾರಿ ವಕೀಲರು ತಲೆ ತಗ್ಗಿಸಿದರು. ನ್ಯಾಯಮೂರ್ತಿಗಳು ಮೆಮೋ ಓದಿದರು. ಆಮೇಲೆ ಆ ಮೆತ್ತನೆ ದನಿಯಲ್ಲಿ ಬರೆಸಿದರು: ಪಾಲಿಸಿದರೂ ಫಲವಿಲ್ಲದ ಆಜ್ಞೆಯನ್ನು ನ್ಯಾಯಾಲಯ ಹೊರಡಿಸುವುದಿಲ್ಲ. ಈ ಅರ್ಜಿಯಲ್ಲಿ ಇನ್ನು ತೀರ್ಮಾನಿಸಲು ಏನೂ ಉಳಿದಿಲ್ಲ. ಮುಕ್ತಾಯ.

ಮುಂದಿನ ಕೇಸು ಕೂಗಿದರು. ಯಾರದೋ ಜಮೀನಿನ ವಿಷಯ. ಕುರ್ಚಿ ಬಿಟ್ಟುಕೊಡಬೇಕಾಯಿತು.

ಹೇಳಿಕೆ ಇನ್ನೂ ನನ್ನ ಬ್ಯಾಗಿನಲ್ಲಿದೆ, ಅದನ್ನು ಸಮಿತಿಗೆ ಕಳಿಸಬಹುದೇ ಎಂದು ಮೆಟ್ಟಿಲಿಳಿಯುವಾಗ ಕೇಳಿದೆ. ವಕೀಲೆ ನಿಂತರು. ಯಾಕೆ ಎಂದರು. ಈಗ ಅದರಿಂದ ಯಾರಿಗೂ ಪ್ರಯೋಜನವಿಲ್ಲ, ಅಪಾಯ ಮಾತ್ರ ಹಾಗೇ ಇದೆ, ಹರಿದುಹಾಕಿ, ಎಂದರು. ಆಮೇಲೆ ನನ್ನ ತೋಳು ಹಿಡಿದು ರಸ್ತೆ ದಾಟಿಸಿದರು. ಅವರು ಯಾರ ತೋಳನ್ನೂ ಹಿಡಿಯುವವರಲ್ಲ.

ಜೂನ್ ೨೦, ಶನಿವಾರ

ಇವತ್ತು ನೋಟರಿಯ ಮುಂದೆ ಹೇಳಿಕೆಗೆ ಸಹಿ ಹಾಕಿದೆ. ಆತ ಓದಿ, ಓದಿದ್ದು ಸರಿಯೇ ಎಂಬಂತೆ ನನ್ನ ಮುಖ ನೋಡಿದ. ಓದಿಯೇ ಹಾಕಿದ್ದು ಎಂದೆ.

ಮೂರನೆಯ ಪ್ಯಾರಾ ಹೀಗಿದೆ:

'ನಮ್ಮ ನಡುವೆ ಪ್ರೀತಿಯಾಗಲಿ ಬಾಂಧವ್ಯವಾಗಲಿ ಉಳಿದಿಲ್ಲ ಎಂದು ಎಂಟು ವರ್ಷದ ಹಿಂದೆ ನಾನು ಪ್ರಮಾಣ ಮಾಡಿದ್ದು ಸುಳ್ಳು. ಸಹಿ ಹಾಕುವಾಗಲೂ ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಇದರ ಪರಿಣಾಮವನ್ನು ನನಗೆ ವಿವರಿಸಲಾಗಿದೆ. ಪ್ರೀತಿ ಇದೆಯೇ ಎಂದು ಮಾನ್ಯ ಅಧ್ಯಕ್ಷರು ಕೇಳಿದ್ದರು. ಇದೆ.'

ಮೇ ೨೮ರಂದು ಬರೆದದ್ದು. ಒಂದಕ್ಷರವೂ ಬದಲಾಯಿಸಿಲ್ಲ. ಲಕೋಟೆಯ ಮೇಲೆ ಸಮಿತಿಯ ವಿಳಾಸ ಬರೆದು ಅಂಟಿಸಿದ್ದೇನೆ. ಗುಮಾಸ್ತೆ ತೆರೆಯಬಹುದು, ಫೈಲು ಮುಚ್ಚಿದೆ ಎಂದು ಎಲ್ಲೋ ಇಡಬಹುದು. ನಾಳೆ ಭಾನುವಾರ, ಅಂಚೆ ಕಚೇರಿ ತೆರೆದಿರುವುದಿಲ್ಲ. ಸೋಮವಾರ, ಜೂನ್ ೨೨ಕ್ಕೆ ಹಾಕುತ್ತೇನೆ.